ಕಂಡವರ ಮುಖ

ಮದುವೆಯ ಕರೆಯೋಲೆಯಿಂದ ಹಿಡಿದು ಬೋರ್‌ವೆಲ್ ಕೊರೆಯುವವರ ಕರಪತ್ರದವರೆಗೆ ಈಗ ಚಿತ್ರವಿಲ್ಲದೆ ಏನೂ ಅಚ್ಚಾಗುವುದಿಲ್ಲ. ಇದು ಹೊಸದೇನೂ ಅಲ್ಲ ಬಿಡಿ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲೂ ಊರಿನ ಪ್ರೆಸ್ಸಿನಲ್ಲಿ ಗಣಪತಿ, ಬಾಳೆಕಂಬ, ಓಲಗದವರು, ಪೂರ್ಣಕುಂಭ ಎಂದು ಒಂದಷ್ಟು ಬ್ಲಾಕುಗಳು ಸಿದ್ಧವಾಗಿರುತ್ತಿದ್ದವು. ಸಾಹುಕಾರರ ಮನೆಯ ಮದುವೆಗೂ ಬಡವರ ಮನೆಯ ಮದುವೆಗೂ ಅದೇ ಗಣಪತಿ. ಸೊಂಡಿಲು ಸವೆದಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆ ಬ್ಲಾಕುಗಳ ಮೊಮ್ಮಕ್ಕಳೇ ಇಂದು ಇಂಟರ್‌ನೆಟ್ಟಿನಲ್ಲಿ ಸಿಗುವ ಸ್ಟಾಕ್ ಫೋಟೋಗಳು. ಯಾರೋ ತೆಗೆದು, ಯಾರಿಗಾದರೂ ಬೇಕಾದೀತೆಂದು ಉಗ್ರಾಣದಲ್ಲಿ ಇಟ್ಟ ಚಿತ್ರಗಳು.

ಅಂಥದೊಂದನ್ನು ನೀವೂ ನೋಡಿರುತ್ತೀರಿ. ವಿಂಡೋಸ್ ಎಕ್ಸ್‌ಪಿ ಇದ್ದ ಕಂಪ್ಯೂಟರುಗಳಲ್ಲಿ, ತಾಲ್ಲೂಕು ಕಚೇರಿಯಿರಲಿ, ಶಾಲೆಯ ಲ್ಯಾಬಿರಲಿ, ಗುಂಡಿ ಒತ್ತಿದರೆ ಹಸಿರು ಗುಡ್ಡ, ನೀಲಿ ಆಕಾಶ ಬರುತ್ತಿತ್ತಲ್ಲ, ಅದೇ. ಚಾರ್ಲ್ಸ್ ಓರಿಯರ್ ಎಂಬುವರು 1996ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾ ಕೌಂಟಿಯಲ್ಲಿ, ರಸ್ತೆಬದಿ ಕಾರು ನಿಲ್ಲಿಸಿ ತೆಗೆದದ್ದು. ಚಿತ್ರ ಮಾರುವ ಸಂಸ್ಥೆಯೊಂದರಲ್ಲಿ ಇಟ್ಟಿದ್ದರು, ಮೈಕ್ರೋಸಾಫ್ಟ್ ಕೊಂಡಿತು. ನಮ್ಮ ಮಕ್ಕಳು ಅದು ಚಿಕ್ಕಮಗಳೂರಿನ ಗುಡ್ಡವೆಂದೇ ವಾದಿಸುತ್ತಿದ್ದರು. ಗುಡ್ಡದ ಊರು ಬದಲಾದರೆ ಯಾರಿಗೂ ನಷ್ಟವಿಲ್ಲ. ಮನುಷ್ಯರ ಮುಖದ ಊರು ಬದಲಾದರೆ?

ಈ ಪ್ರಶ್ನೆ ಎದ್ದದ್ದು ನಮ್ಮ ಶಾಲೆಯ ದಾಖಲಾತಿ ಆಂದೋಲನದ ಕರಪತ್ರದಿಂದ. ತಿಪಟೂರಿನ ಕಡೆಯ ಸರ್ಕಾರಿ ಶಾಲೆ ನಮ್ಮದು. ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಬೆಳಿಗ್ಗೆ ಹಳದಿ ವ್ಯಾನೊಂದು ನಮ್ಮ ಗೇಟಿನ ಮುಂದೆಯೇ ನಿಂತು ಊರ ಮಕ್ಕಳನ್ನು ತುಂಬಿಕೊಂಡು ಹೋಗುತ್ತದೆ. ಕರಪತ್ರ ಹಾಕಿಸೋಣವೆಂದರು ಮುಖ್ಯೋಪಾಧ್ಯಾಯರು. ಡಿಟಿಪಿ ಅಂಗಡಿಯ ಹುಡುಗ ಕರಡು ತಂದ. ಹೊಂಬಣ್ಣದ ಕೂದಲಿನ, ಟೈ ಕಟ್ಟಿದ ನಾಲ್ಕು ಮಕ್ಕಳು ಅದರಲ್ಲಿ ಹಲ್ಲು ಬಿಟ್ಟು ನಗುತ್ತಿದ್ದರು. “ಗೂಗಲ್‌ನಲ್ಲಿ ಸಿಕ್ತು ಮೇಡಂ, ಫ್ರೀ” ಎಂದ. ಮೇಜಿನ ಮೇಲಿದ್ದ ಅದನ್ನು ಆರನೇ ತರಗತಿಯ ಹುಡುಗಿಯೊಬ್ಬಳು ನೋಡಿ, “ಮಿಸ್, ನಮ್ ಫೋಟೋ ಚೆನ್ನಾಗ್ ಬರಲ್ವಾ?” ಎಂದು ಕೇಳಿದಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು.

ಅಂದು ಸಂಜೆ ಮಗನ ಲ್ಯಾಪ್‌ಟಾಪ್ ಮುಂದೆ ಕುಳಿತು ಈ ಉಗ್ರಾಣಗಳನ್ನೆಲ್ಲ ಸುತ್ತಿದೆ. ಮೊದಲನೆಯದಾಗಿ, ಸಿಕ್ಕಿದ್ದೆಲ್ಲ ಫ್ರೀ ಅಲ್ಲ. ಗೂಗಲ್ ಹುಡುಕಿ ತೋರಿಸುತ್ತದೆ ಅಷ್ಟೆ; ಅಂಗಡಿಗೆ ದಾರಿ ತೋರಿಸಿದವನು ಅಂಗಡಿಯ ಯಜಮಾನನಾಗುತ್ತಾನೆಯೇ? ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಛಾಯಾಚಿತ್ರದ ಹಕ್ಕು ಅದನ್ನು ತೆಗೆದವರ ಜೀವಿತಕಾಲ ಪೂರ್ತಿ, ಅವರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. ಗೆಟ್ಟಿ, ಶಟರ್‌ಸ್ಟಾಕ್‌ನವರು ದುಡ್ಡಿಗೆ ಕೊಡುವವರು. ಅಲ್ಲಿ ‘ರಾಯಲ್ಟಿ ಫ್ರೀ’ ಎಂದರೆ ಪುಕ್ಕಟೆ ಎಂದಲ್ಲ, ಒಮ್ಮೆ ಹಣ ಕೊಟ್ಟರೆ ಪ್ರತಿಸಲ ಕೊಡಬೇಕಾಗಿಲ್ಲ ಎಂದು. ‘ಎಡಿಟೋರಿಯಲ್’ ಎಂದು ಬರೆದಿದ್ದರೆ ಸುದ್ದಿಗೆ ಸರಿ, ಜಾಹೀರಾತಿಗೆ ಸಲ್ಲದು. ಅನ್‌ಸ್ಪ್ಲ್ಯಾಶ್, ಪೆಕ್ಸೆಲ್ಸ್, ಪಿಕ್ಸಾಬೇಗಳಲ್ಲಿ ಹೆಚ್ಚಿನ ಚಿತ್ರಗಳನ್ನು ವ್ಯಾಪಾರಕ್ಕೂ ಪುಕ್ಕಟೆಯಾಗಿ ಬಳಸಬಹುದು. ಆದರೆ ಚಿತ್ರದಲ್ಲಿರುವ ಮನುಷ್ಯ ನಮ್ಮ ಸರಕನ್ನು ಮೆಚ್ಚಿದ್ದಾನೆ ಎನ್ನುವಂತೆ ತೋರಿಸಬಾರದು. 2004ರಲ್ಲಿ ಆರಂಭವಾದ ವಿಕಿಮೀಡಿಯ ಕಾಮನ್ಸ್‌ನಲ್ಲಿ ಚಿತ್ರದ ಕೆಳಗೇ ಷರತ್ತು ಬರೆದಿರುತ್ತದೆ; ಹಲವು ಚಿತ್ರಗಳಿಗೆ ತೆಗೆದವರ ಹೆಸರು ಹಾಕಬೇಕು. ಇನ್ನು ಗುರುತು ಸಿಗುವ ಮುಖವಿದ್ದರೆ, ಜಾಹೀರಾತಿಗೆ ಮಾರುವ ಮೊದಲು ಆ ವ್ಯಕ್ತಿಯ ಒಪ್ಪಿಗೆಯ ಸಹಿ ಬೇಕು, ಮಕ್ಕಳಾದರೆ ತಂದೆತಾಯಿಯರದು.

ಈ ಉಗ್ರಾಣಗಳ ಮೇಲೆ ನನಗೆ ಮುನಿಸಿಲ್ಲ. ಪಾಠಕ್ಕೆ ಶನಿಗ್ರಹದ ಚಿತ್ರ ಬೇಕಾದರೆ ಈಗಲೂ ಕಾಮನ್ಸ್‌ಗೇ ಹೋಗುತ್ತೇನೆ. ಆದರೆ ನಮ್ಮ ಅಂಗಳದ್ದೇ ಬೇಕೆಂದರೆ ಅಲ್ಲಿ ಸಿಗುವುದು ಕಷ್ಟ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಗಾಣದ ಕೊಬ್ಬರಿ ಎಣ್ಣೆ ಮಾಡಿ ಮಾರುತ್ತಾಳೆ. ಬಾಟಲಿಯ ಲೇಬಲ್ಲಿಗೆಂದು ತೆಂಗಿನ ಚಿತ್ರ ಹುಡುಕಿದರೆ ಕಡಲ ತೀರ, ಬಿಳಿ ಮರಳು, ಸ್ಟ್ರಾ ಸಿಕ್ಕಿಸಿದ ಎಳನೀರು! ತಿಪಟೂರಿಗೆ ಕಡಲು ಎಲ್ಲಿಂದ ಬರಬೇಕು? ಇಲ್ಲಿ ಕಾಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟು, ಒಳಗೇ ಒಣಗಿದ ಮೇಲೆ ಸುಲಿದು ಒಡೆದು ಉಂಡೆ ಕೊಬ್ಬರಿ ತೆಗೆಯುತ್ತಾರೆ. ಆ ಅಟ್ಟ ಅವಳಿಗೆ ಎಲ್ಲೂ ಕಾಣಲಿಲ್ಲ. ಕೊನೆಗೆ ಅತ್ತೆಯ ಬೊಗಸೆಯಲ್ಲಿ ಕೊಬ್ಬರಿ ಇಟ್ಟು ಮೊಬೈಲಿನಲ್ಲೇ ತೆಗೆದಳು.

“ಅತ್ತೆನ ಕೇಳಿದ್ಯೇನೆ?” ಎಂದೆ.

“ಕೇಳ್ದೆ ಮಿಸ್. ಮುಖ ಬೇಡ, ಕೈ ಮಾತ್ರ ತಕ್ಕೊ ಅಂದ್ರು.”

ಗೆಟ್ಟಿಯವರ ಕಾಗದಪತ್ರವೂ ಕೇಳುವುದು ಇದನ್ನೇ ಅಲ್ಲವೆ?

ನಾವೂ ಹಾಗೆಯೇ ಮಾಡಿದೆವು. ಆರನೇ ತರಗತಿಯ ಮಕ್ಕಳ ಮನೆಗಳಿಗೆ ಒಪ್ಪಿಗೆಯ ಚೀಟಿ ಕಳಿಸಿದೆವು. ಇಬ್ಬರು ಹುಡುಗಿಯರ ಮನೆಯಲ್ಲಿ ಬೇಡವೆಂದರು. ಅವರಿಬ್ಬರ ಕೈಗೇ ನನ್ನ ಮೊಬೈಲು ಕೊಟ್ಟೆ. ಹೊಂಗೆಮರದ ಕೆಳಗೆ ಉಳಿದವರನ್ನು ನಿಲ್ಲಿಸಿ ಅವರೇ ತೆಗೆದರು. ಒಬ್ಬನ ಅಂಗಿಗೆ ಗುಂಡಿಯಿಲ್ಲ, ಇನ್ನೊಬ್ಬಳು ಕಣ್ಣು ಮುಚ್ಚಿದ್ದಾಳೆ. ಡಿಟಿಪಿಯ ಹುಡುಗ, “ಯಂತ್ರಕ್ಕೆ ಹೇಳಿದ್ರೆ ಇದಕ್ಕಿಂತ ಒಳ್ಳೆ ಮಕ್ಕಳನ್ನ ಮಾಡಿಕೊಡುತ್ತೆ ಮೇಡಂ” ಎಂದ. ಈಗ ಅದೂ ಸಾಧ್ಯವೇ. ಆದರೆ ಇರುವ ಮಕ್ಕಳನ್ನು ಉಳಿಸಿಕೊಳ್ಳಲು ಹಾಕಿಸುವ ಕರಪತ್ರಕ್ಕೆ ಇಲ್ಲದ ಮಕ್ಕಳೇಕಪ್ಪಾ ಎಂದೆ.

ಇದರಿಂದ ಎಷ್ಟು ದಾಖಲಾತಿ ಹೆಚ್ಚಿತೆಂದು ಕೇಳಬೇಡಿ. ಹಳದಿ ವ್ಯಾನು ಇನ್ನೂ ಬರುತ್ತಿದೆ. ಆದರೆ ಕರಪತ್ರ ಎಂದರೆ ಕಡಲೆಕಾಯಿ ಕಟ್ಟುವ ಕಾಗದ ಎಂದುಕೊಂಡಿರುವ ನಮ್ಮೂರಿನಲ್ಲಿ, ಇದನ್ನು ಕೆಲವು ಮನೆಗಳಲ್ಲಿ ಗೋಡೆಗೆ ಅಂಟಿಸಿದ್ದಾರೆ. ಚಿತ್ರ ತೆಗೆದ ಆ ಇಬ್ಬರ ಮನೆಯ ಗೋಡೆಯ ಮೇಲೂ ಇದೆ. ಅದರ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅವರ ಹೆಸರಿದೆ.