ಕೇಬಲ್ ಕಥೆ, ಭಾಗ 3: ಕೆರೆದ್ರೆ ಬೆಳ್ಳಗೆ

ಕಳೆದ ಮಳೆಗಾಲ. ತಿಂಗಳ 20ನೇ ತಾರೀಕು, ರಾತ್ರಿ ಒಂಬತ್ತೂವರೆ. ಸಖರಾಯಪಟ್ಟಣದಲ್ಲಿ ಚಿಕ್ಕಪ್ಪನ ಅಂಗಡೀಲಿ ಜಿಎಸ್‌ಟಿಆರ್-3ಬಿ ಹಾಕೋಕೆ ಕೂತಿದ್ದೆ. ಮನೇಲಿ ನೆಟ್ ಚೆನ್ನಾಗೇ ಇದೆ. ಅಲ್ಲಿಂದ ಟೆರೇಸ್ ಮೇಲೆ 40 ಮೀಟರ್ ಕೇಬಲ್ ಎಳೆದಿರೋ ಅಂಗಡಿ ಕಂಪ್ಯೂಟರಲ್ಲಿ ಮಾತ್ರ ಬರುತ್ತೆ, ಹೋಗುತ್ತೆ. ಹಾಟ್‌ಸ್ಪಾಟ್‌ಗೆ ಆ ಮಳೇಲಿ ಒಂದೇ ಕಡ್ಡಿ. ಕಂಪ್ಯೂಟರನ್ನೇ ಹೊತ್ಕೊಂಡು ಮನೆಗೆ ಹೋಗ್ಬಹುದಿತ್ತು ಅಂತ ಹೊಳೆದಾಗ ಹನ್ನೆರಡು ದಾಟಿತ್ತು. ನಗಬೇಡಿ.

ಲೇಟ್ ಫೀ ದಿನಕ್ಕೆ 50 ರೂಪಾಯಿ, ದೊಡ್ಡ ದುಡ್ಡಲ್ಲ. ಆದ್ರೆ 2017ರಲ್ಲಿ ಜಿಎಸ್‌ಟಿ ಬಂದಾಗಿಂದ ಒಂದು ಸಲಾನೂ ತಡ ಮಾಡಿರದ ಮನುಷ್ಯ ಅವರು. ಏನೂ ಅನ್ನಲಿಲ್ಲ. ಬೈದಿದ್ರೆ ವಾಸಿ ಇತ್ತು. ಯಾಕಂದ್ರೆ "ಕಮ್ಮಿಗೆ ಸಿಕ್ತು ಚಿಕ್ಕಪ್ಪ" ಅಂತ ಆ ಕೇಬಲ್ ತಂದು ಎಳೆದಿದ್ದು ನಾನೇ.

ಬೆಳಿಗ್ಗೆ ತುಂಡು ಕತ್ತರಿಸಿ ತಂತೀನ ಬ್ಲೇಡಲ್ಲಿ ಕೆರೆದೆ. ಒಳಗೆ ಬೆಳ್ಳಗೆ! ಅಲ್ಯೂಮಿನಿಯಂ ಮೇಲೆ ತೆಳ್ಳಗೆ ತಾಮ್ರದ ಲೇಪ, ಅಷ್ಟೆ. ಇದಕ್ಕೆ ಸಿಸಿಎ ಅಂತಾರೆ. ತೂಕ ಕಮ್ಮಿ, ಮಡಚಿದ್ರೆ ಬೇಗ ಮುರಿಯುತ್ತೆ. ಸಾಲದ್ದಕ್ಕೆ ಅದು ಮನೆಯೊಳಗೆ ಹಾಕೋ ಕೇಬಲ್. ಬಿಸಿಲಿಗೆ ಸಿಪ್ಪೆ ಸೀಳಿ ನೀರು ಇಳಿದಿತ್ತು.

ಹಂಗಾಗಿ ಕೊಳ್ಳೋವಾಗ ಮೊದಲು ಕೇಳ್ಬೇಕಾದ್ದು ಕ್ಯಾಟ್5ಇನಾ, ಕ್ಯಾಟ್6ಆ ಅಂತಲ್ಲ; ಪೂರ್ತಿ ತಾಮ್ರಾನಾ ಅಂತ. ಎರಡೂ 100 ಮೀಟರ್‌ವರೆಗೆ 1 ಜಿಬಿಪಿಎಸ್ ಕೊಡುತ್ವೆ. ಕ್ಯಾಟ್6 ಸುಮಾರು 55 ಮೀಟರ್‌ವರೆಗೆ 10 ಕೊಡುತ್ತೆ, ಆದ್ರೆ ಬಿಲ್ ಹೊಡೆಯೋ ಅಂಗಡಿಗೆ ಅದ್ಯಾಕೆ? ಹೊರಗೆ ಎಳೆಯೋದಾದ್ರೆ ಬಿಸಿಲು ತಡೆಯೋ ಔಟ್‌ಡೋರ್ ಕೇಬಲ್ಲೇ ಬೇಕು. ಗುಡುಗು ಶುರುವಾಗೋಕೆ ಮುಂಚೆನೇ ಎರಡೂ ತುದಿ ಕಿತ್ತಿಡಿ.

ಹೊಸದನ್ನ ನಾನೇ ಕ್ರಿಂಪ್ ಮಾಡಿದೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದೀಲಿ ಇದೇ ಸಾಲು. ಮಗ್ಗಿ ತರ ಬಾಯಿಪಾಠ ಆಗೋಯ್ತು. ಆದ್ರೂ ಸ್ಪೀಡ್ 100 ದಾಟ್ಲಿಲ್ಲ! ನೋಡಿದ್ರೆ ನೀಲಿ ತಂತಿ ಪಿನ್‌ವರೆಗೆ ಹೋಗೇ ಇರ್ಲಿಲ್ಲ. 100 ಎಂಬಿಪಿಎಸ್‌ಗೆ 1, 2, 3, 6ನೇ ಪಿನ್ ಸಾಕು. 1 ಜಿಬಿಪಿಎಸ್‌ಗೆ ಎಂಟೂ ಬೇಕು. ಕತ್ತರಿಸಿ ಇನ್ನೊಂದ್ಸಲ ಮಾಡಿದೆ.

ಈ ತಿಂಗಳು 18ಕ್ಕೇ ಹಾಕಿದೆ. ಚಿಕ್ಕಪ್ಪ ಈಗ್ಲೂ ಏನೂ ಅನ್ಲಿಲ್ಲ. ಪಾಸ್‌ವರ್ಡ್ ಚೀಟಿ ಮಾತ್ರ ಮತ್ತೆ ನನ್ನ ಕೈಗೆ ಬಂತು.