ಜತ್ತ ಸೀಮೆಯಲ್ಲಿ ಗುರುಗಳ ಬಿಡಾರ

ವಿಜಯಪುರದಿಂದ ಗುಹಾಗರದ ಹೆದ್ದಾರಿ ಹಿಡಿದು ಪಡುವಣಕ್ಕೆ ಸಾಗಿದರೆ ರಾಜ್ಯ ಬದಲಾಗುತ್ತದೆ, ಮಾತು ಬದಲಾಗುವುದಿಲ್ಲ. ಉಮದಿ, ಸಂಖ, ದಾನಮ್ಮದೇವಿಯ ಗುಡ್ಡಾಪುರ ಮೊದಲಾದ ಊರುಗಳಲ್ಲಿ ಮನೆಮಾತು ಕನ್ನಡವೇ. ಡಫಳೆ ಮನೆತನದ ಸಂಸ್ಥಾನವಾಗಿದ್ದ ಜತ್ತ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1960ರಲ್ಲಿ ಮಹಾರಾಷ್ಟ್ರದ ಪಾಲಾಯಿತು.

ಇಲ್ಲಿಯ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗೆ ಹೊಸದಾಗಿ ನೇಮಕಗೊಂಡ ಗುರುಗಳು ಮೊದಲ ಮೂರು ವರ್ಷ ‘ಶಿಕ್ಷಣ ಸೇವಕ’ರು. ಪ್ರಾಥಮಿಕ ಶಾಲೆಯಲ್ಲಿ 6,000 ರೂಪಾಯಿ ಇದ್ದ ಅವರ ಮಾಸಿಕ ಮಾನಧನ 2023ರಲ್ಲಿ 16,000ಕ್ಕೆ ಏರಿತು. ಆದರೆ ಮೊದಲ ಮಾನಧನ ಕೈಸೇರುವ ಮುನ್ನವೇ ಖೋಲಿಯ ಡಿಪಾಜಿಟ್, ಬಾಡಿಗೆ, ಗ್ಯಾಸು, ಪಾತ್ರೆ-ಹಾಸಿಗೆಗಳ ವೆಚ್ಚ ಎದುರು ನಿಲ್ಲುತ್ತದೆ. ಬರಗಾಲದ ಬೇಸಿಗೆಯಲ್ಲಿ ಕುಡಿಯುವ ನೀರಿಗೂ ಟ್ಯಾಂಕರಿನ ದಾರಿ ಕಾಯಬೇಕು. ಹಳ್ಳಿಯಲ್ಲಿ ಮನೆ ದೊರೆಯದೆ ಜತ್ತ ಪಟ್ಟಣದಲ್ಲಿ ನೆಲೆಸಿದವರಿಗೆ ಬಾಡಿಗೆಯ ಮೇಲೆ ಪೆಟ್ರೋಲಿನ ಹೊರೆಯೂ ಬೀಳುತ್ತದೆ.

ಈ ಭಾರಕ್ಕೆ ಬೇಸತ್ತು ಗುರುಗಳು ತಮ್ಮೂರಿನ ಸಮೀಪಕ್ಕೆ ವರ್ಗಾವಣೆ ಪಡೆದರೆ, ಅವರ ಸ್ಥಾನಕ್ಕೆ ಕನ್ನಡ ಬಲ್ಲವರು ಬೇಗನೆ ದೊರೆಯರು, ನಷ್ಟವಾಗುವುದು ಮಕ್ಕಳಿಗೆ. ಬೀಗ ಹಾಕಿದ ಮನೆಗಳು ಊರೂರಲ್ಲಿವೆ. ಅಂಥ ಒಂದು ಖೋಲಿಯನ್ನು ಡಿಪಾಜಿಟ್ ಕೇಳದೆ, ಮೊದಲ ಮಾನಧನ ಬರುವವರೆಗೆ ಬಾಡಿಗೆಗೆ ಅವಸರಪಡಿಸದೆ ಬಿಟ್ಟುಕೊಡುವುದು ಪಾಲಕರ ಕೈಯಲ್ಲಿದೆ. ಗುರುಗಳು ಊರಲ್ಲಿ ನೆಲೆ ನಿಂತರೆ ಶಾಲೆಯೂ ನೆಲೆ ನಿಂತೀತು.