ಜಾತಕ ಕೂಡದ ಮೆಮೊರಿ

ಸಂಸಾರದಲ್ಲಿ ಚಿಲ್ಲರೆ ಕೆಲಸವೆಂಬುದು ಇಲ್ಲವೇ ಇಲ್ಲ. ಕೊಡೆಗೆ ಕಡ್ಡಿ ಹಾಕಿಸುವುದು, ಕುಕ್ಕರಿಗೆ ರಬ್ಬರು ತರುವುದು, ಕನ್ನಡಕದ ತಿರುಪು ಬಿಗಿಸುವುದು, ಇವೆಲ್ಲ ಹೇಳುವವರಿಗೆ ಚಿಲ್ಲರೆ, ಹೊರಟವನಿಗೆ ಅಲ್ಲ. ಕುಕ್ಕರಿನ ರಬ್ಬರು ತರಲು ಹೋಗಿ, ಮೂರು ಅಂಗಡಿ ಸುತ್ತಿ, ಕೊನೆಗೆ ಕುಕ್ಕರಿನ ಮುಚ್ಚಳವನ್ನೇ ಚೀಲದಲ್ಲಿ ಹೊತ್ತು ತಿರುಗಿದ ಮಹನೀಯರು ನಮ್ಮ ಬಡಾವಣೆಯಲ್ಲೇ ನಾಲ್ಕಾರು ಮಂದಿ ಸಿಕ್ಕಾರು. ಆ ಪಂಗಡಕ್ಕೆ ಈ ವರ್ಷ ನಾನೂ ಸೇರಿದೆ. ನಾನು ಹೊತ್ತದ್ದು ಮುಚ್ಚಳವನ್ನಲ್ಲ, ಕಂಪ್ಯೂಟರನ್ನು.

ನಮ್ಮ ಮನೆಯ ಕಂಪ್ಯೂಟರು 2014ನೆಯ ಇಸವಿಯದು. ಮಗ ಇಂಜಿನಿಯರಿಂಗ್ ಓದುವಾಗ ಕೊಂಡದ್ದು. ಅವನು ಓದು ಮುಗಿಸಿ, ಕೆಲಸ ಹಿಡಿದು, ಮದುವೆಯಾಗಿ ಪುಣೆಗೆ ಹೋದ. ಕಂಪ್ಯೂಟರು ನಮ್ಮ ಪಾಲಿಗೆ ಉಳಿಯಿತು. ನನ್ನಾಕೆ ಅದರ ಮೇಲೊಂದು ಕಸೂತಿಯ ಬಟ್ಟೆ ಹೊದಿಸಿದಳು. ಹೀಗೆ ಅದು ಕೆಲವು ವರ್ಷ ಮೂಲೆಯಲ್ಲಿ ದೇವರಂತೆ ಕುಳಿತಿತ್ತು, ನೈವೇದ್ಯವೊಂದಿಲ್ಲ, ಅಷ್ಟೆ.

ಅದಕ್ಕೆ ಮತ್ತೆ ಜೀವ ಬಂದದ್ದು ನಮ್ಮ ಅತ್ತೆಯವರಿಂದ. ಅವರು ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಹಾಡು ಬರೆದಿಟ್ಟ ಮೂರು ನೋಟುಬುಕ್ಕುಗಳು ಸಿಕ್ಕವು. ಹಸೆಯ ಹಾಡು, ಆರತಿಯ ಹಾಡು, ಉರುಟಣೆಯ ಹಾಡು, ಬೀಗರನ್ನು ಹಾಸ್ಯಮಾಡುವ ಹಾಡು, ಎಲ್ಲ ಸೇರಿ ಇನ್ನೂರಕ್ಕೂ ಹೆಚ್ಚು. ಕಾಗದ ಹಪ್ಪಳದಂತಾಗಿ, ಮುಟ್ಟಿದರೆ ಮುರಿಯುತ್ತಿತ್ತು. ನನ್ನಾಕೆ ಪುಟಪುಟವನ್ನೂ ಸ್ಕ್ಯಾನ್ ಮಾಡಿಸಿ ತಂದಳು. ಆ ಚಿತ್ರವನ್ನು ಪರದೆಯ ಒಂದು ಬದಿಗೆ ಇಟ್ಟುಕೊಂಡು, ಇನ್ನೊಂದು ಬದಿಯಲ್ಲಿ ಹಾಡನ್ನು ಟೈಪು ಮಾಡತೊಡಗಿದಳು.

ಮಾಸಿದ ಅಕ್ಷರಗಳಿಗೆ ದಿಕ್ಕು ಒಬ್ಬರೇ: ಅತ್ತೆಯವರ ತಂಗಿ, ತಿಪಟೂರಿನ ಚಿಕ್ಕಮ್ಮ. ಅವರಿಗೀಗ ಎಂಬತ್ತಾರು ವರ್ಷ. ಪದವೊಂದನ್ನು ಬಿಡಿಯಾಗಿ ಕೇಳಿದರೆ ಅವರಿಗೆ ಹೊಳೆಯುವುದಿಲ್ಲ. ಹಾಡನ್ನು ಮೊದಲಿನಿಂದ ಹಾಡಿಕೊಂಡು ಬರಬೇಕು. ಆ ಜಾಗಕ್ಕೆ ಬಂದಾಗ ಪದ ತಾನಾಗಿ ನಾಲಗೆಗೆ ಬರುತ್ತದೆ. ಆದ್ದರಿಂದ ದಿನವೂ ಸಾಯಂಕಾಲ ನಾಲ್ಕಕ್ಕೆ ಫೋನು. ಅಲ್ಲಿ ಅವರು ಹಾಡುವುದು, ಇಲ್ಲಿ ಇವಳು ಪುಟ ನೋಡುತ್ತ ತುಂಬಿಕೊಳ್ಳುವುದು.

ತೊಂದರೆ ಕೊಟ್ಟದ್ದು ಕಂಪ್ಯೂಟರು. ನಾಲ್ಕು ಚಿತ್ರ ತೆರೆಯುವಷ್ಟರಲ್ಲಿ ಪರದೆಯ ಮೇಲೆ ಬಳೆಯೊಂದು ಸುತ್ತತೊಡಗುತ್ತಿತ್ತು. ಅದು ಸುತ್ತುತ್ತಲೇ ಇರುತ್ತಿತ್ತು. “ತಡೀರಿ ಚಿಕ್ಕಮ್ಮ, ಪುಟ ಇನ್ನೂ ಬಂದಿಲ್ಲ” ಎಂದು ಇವಳು. ಪಾಪ, ಅವರು ನಿಲ್ಲಿಸಿ ಮತ್ತೆ ಮೊದಲಿನಿಂದ. ಜನವರಿಯ ಒಂದು ಸಾಯಂಕಾಲ ಒಂದೇ ಹಸೆಯ ಹಾಡನ್ನು ಮೂರು ಸಲ ಎತ್ತಿಕೊಂಡರು. ಮೂರನೆಯ ಸಲ ಕೆಮ್ಮು ಬಂತು. “ನಾಳೆ ನೋಡೋಣ ಬಿಡೇ, ಉಸಿರು ಸಾಲ್ದು” ಎಂದು ಫೋನಿಟ್ಟರು.

ನನ್ನಾಕೆ ನನ್ನ ಕಡೆ ತಿರುಗಿ ಏನೂ ಹೇಳಲಿಲ್ಲ. ನಲವತ್ತು ವರ್ಷದ ಅನುಭವದಿಂದ ಹೇಳುತ್ತೇನೆ: ಅವಳು ಏನಾದರೂ ಹೇಳಿದರೆ ಹೆದರಬೇಕಾಗಿಲ್ಲ.

ಎದುರುಮನೆಯ ಹುಡುಗನನ್ನು ಕರೆದೆ. ಅವನು ಎರಡು ಗುಂಡಿ ಒತ್ತಿ ನೋಡಿ, “ಅಂಕಲ್, ನಾಲ್ಕೇ ಜಿ.ಬಿ. ಮೆಮೊರಿ ಇದೆ. ಇನ್ನೊಂದು ನಾಲ್ಕು ಹಾಕ್ಸಿ. ಅರ್ಧ ನಿಮಿಷದ ಕೆಲಸ” ಎಂದ. ನನಗೆ ಅರ್ಥವಾಗುವಂತೆ ವಿವರಿಸಿದ್ದೂ ಅವನೇ. ಹಾರ್ಡ್ ಡಿಸ್ಕ್ ಎಂದರೆ ಉಗ್ರಾಣ, ಮೆಮೊರಿ ಎಂದರೆ ಅಡಿಗೆಮನೆಯ ಕಟ್ಟೆ. ಉಗ್ರಾಣದಲ್ಲಿ ಎಷ್ಟೇ ಸಾಮಾನಿದ್ದರೂ ಅಡಿಗೆ ನಡೆಯುವುದು ಕಟ್ಟೆಯ ಮೇಲೆ. ಕಟ್ಟೆ ಚಿಕ್ಕದಾದರೆ, ಬೇಳೆಯ ಡಬ್ಬ ಇಡುವುದಕ್ಕೆ ಹುಣಿಸೆಯ ಡಬ್ಬವನ್ನು ಒಳಗಿಟ್ಟು ಬರಬೇಕು. ಹುಣಿಸೆ ಬೇಕಾದಾಗ ಬೇಳೆಯನ್ನು ಒಳಗಿಡಬೇಕು. ಸುತ್ತುವ ಬಳೆಯ ಅರ್ಥ ಇಷ್ಟೆ: ಯಂತ್ರ ಉಗ್ರಾಣಕ್ಕೂ ಕಟ್ಟೆಗೂ ಓಡಾಡುತ್ತಿದೆ.

ಅರ್ಧ ನಿಮಿಷದ ಕೆಲಸವೆಂದ ಮೇಲೆ ತಡವೇಕೆ? ಜಯನಗರದಲ್ಲಿ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿಳಿದು ಎಸ್.ಪಿ. ರಸ್ತೆಗೆ ಹೋದೆ. ಬೆಂಗಳೂರಿನಲ್ಲಿ ಕಂಪ್ಯೂಟರಿನ ಬಿಡಿಭಾಗಕ್ಕೆ ಅದೇ ಕಾಶಿ. ಮೊದಲ ಅಂಗಡಿಯಲ್ಲಿ ಗತ್ತಿನಿಂದಲೇ, “ನಾಲ್ಕು ಜಿ.ಬಿ. ಮೆಮೊರಿ ಒಂದು ಕೊಡಿ” ಎಂದೆ.

“ಡಿ.ಡಿ.ಆರ್. ಎಷ್ಟು ಸಾರ್? ಎರಡೋ, ಮೂರೋ, ನಾಲ್ಕೋ?”

“ಒಂದೇ ಸಾಕು” ಎಂದೆ.

ಅಂಗಡಿಯ ಹುಡುಗರು ನಗಲಿಲ್ಲ. ಅದು ಅವರ ದೊಡ್ಡ ಗುಣ. ಲ್ಯಾಪ್‌ಟಾಪಿಗೋ ಡೆಸ್ಕ್‌ಟಾಪಿಗೋ, ವೇಗವೆಷ್ಟು, ವೋಲ್ಟೇಜೆಷ್ಟು ಎಂದು ಇನ್ನೂ ಮೂರು ಪ್ರಶ್ನೆ ಕೇಳಿದರು. ಮಗಳ ಮದುವೆಯ ಮಾತಿಗೆ ಹೋಗಿ ಅವಳ ನಕ್ಷತ್ರವನ್ನೇ ಮರೆತ ತಂದೆಯಂತೆ ನಿಂತೆ. ಬರಿಗೈಯಲ್ಲಿ ಮನೆಗೆ ಬಂದೆ.

ಈ ಉಪಮಾನ ಬಾಯಿಗೆ ಬಂದದ್ದಲ್ಲ. ಆ ರಾತ್ರಿ ಕುಳಿತು ಓದಿದೆ. ಮೆಮೊರಿ ಹೊಂದಿಸುವುದು ಅಕ್ಷರಶಃ ಜಾತಕ ಕೂಡಿಸುವ ಕೆಲಸವೇ. ಮೊದಲು ಪೀಳಿಗೆ. ಡಿ.ಡಿ.ಆರ್.-3 ಎಂಬುದು 2007ರಲ್ಲಿ ಬಂತು, ನಾಲ್ಕನೆಯದು 2014ರಲ್ಲಿ, ಐದನೆಯದರ ನಿಯಮಾವಳಿ 2020ರಲ್ಲಿ. ಮದುವೆಯಲ್ಲಿ ಗೋತ್ರ ಬೇರೆಯಾಗಬೇಕು. ಇಲ್ಲಿ ಒಂದೇ ಆಗಬೇಕು. ಮೂರನೆಯದು ಕುಡಿಯುವ ವಿದ್ಯುತ್ತು 1.5 ವೋಲ್ಟು, ನಾಲ್ಕನೆಯದು 1.2, ಐದನೆಯದು 1.1. ಪೀಳಿಗೆ ಇಳಿದಂತೆ ಆಹಾರ ಕಡಮೆ, ಓಟ ಹೆಚ್ಚು. ಒಂದರ ಜಾಗದಲ್ಲಿ ಇನ್ನೊಂದನ್ನು ತುರುಕಬಾರದೆಂದು ಪಟ್ಟಿಯ ಕೆಳ ಅಂಚಿನಲ್ಲಿ ಒಂದು ಕಚ್ಚು ಇಟ್ಟಿದ್ದಾರೆ. ಪ್ರತಿ ಪೀಳಿಗೆಗೂ ಕಚ್ಚಿನ ಸ್ಥಾನ ಬೇರೆ. ಆಮೇಲೆ ವೇಗ. ಎರಡು ಬೇರೆ ಬೇರೆ ವೇಗದ ಮೆಮೊರಿಗಳನ್ನು ಜೊತೆಗೆ ಹಾಕಿದರೆ, ಚುರುಕಿನದು ನಿಧಾನದ್ದರ ಹೆಜ್ಜೆಗೆ ಇಳಿದು ನಡೆಯುತ್ತದೆ.

ಇದನ್ನು ನನ್ನಾಕೆಗೆ ಓದಿ ಹೇಳಿದೆ. “ನಾವೂ ಹಾಗೇ ಅಲ್ವೇ ನಡೀತಿರೋದು?” ಎಂದಳು. ನಿಧಾನದ್ದು ಯಾವುದೆಂದು ನಾನು ಕೇಳಲಿಲ್ಲ.

ಮರುದಿನ ಎದುರುಮನೆಯ ಹುಡುಗ ಪೆಟ್ಟಿಗೆ ಬಿಚ್ಚಿದ. ಒಳಗಿನ ಪಟ್ಟಿಯ ಮೇಲಿದ್ದುದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡೆ: ಡಿ.ಡಿ.ಆರ್.-3, ನಾಲ್ಕು ಜಿ.ಬಿ., 1600. ಇಷ್ಟು ಗೊತ್ತಾದ ಮೇಲೆ ಎಸ್.ಪಿ. ರಸ್ತೆಯ ಹಂಗೇಕೆಂದು ಫೋನಿನಲ್ಲೇ ತರಿಸಿದೆ. ಮೂರನೆಯ ದಿನ ಲಕೋಟೆ ಬಂತು. ಎಲ್ಲ ಸರಿಯಾಗಿತ್ತು, ಉದ್ದದ ಹೊರತು. ನಮ್ಮದು ಅರ್ಧ ಗೇಣಿಗಿಂತ ತುಸು ಉದ್ದ. ಬಂದದ್ದು ಅದರ ಅರ್ಧ. ಲ್ಯಾಪ್‌ಟಾಪಿನ ತಳಿಯಂತೆ, ಅದಕ್ಕೆ 204 ಕಾಲು, ನಮ್ಮದಕ್ಕೆ 240. ನನ್ನಾಕೆ ಅಂಗೈಯಲ್ಲಿಟ್ಟು ನೋಡಿ, “ಎಳೇದು ಕಳಿಸಿದಾರೆ ಅಂತ ಕಾಣತ್ತೆ. ಸ್ವಲ್ಪ ದಿನ ಇಟ್ಟು ನೋಡೋಣವೇ?” ಎಂದಳು. ಅದನ್ನು ಹಿಂದಕ್ಕೆ ಕಳುಹಿಸಿ ಹಣ ಕೈಸೇರುವ ಹೊತ್ತಿಗೆ ಹನ್ನೊಂದು ದಿನವಾಯಿತು.

ಈ ಹನ್ನೊಂದು ದಿನವೂ ನಾಲ್ಕು ಗಂಟೆಯ ಫೋನು ನಿಂತಿತ್ತು. ಮುದುಕಿಯ ಉಸಿರು ವ್ಯರ್ಥ ಮಾಡಬಾರದೆಂದು ಇವಳೇ ನಿಲ್ಲಿಸಿದ್ದಳು. ಅವರೇ ಒಮ್ಮೆ ಫೋನು ಮಾಡಿ, “ಯಾಕೇ, ಹಾಡು ಮುಗೀತೇ?” ಎಂದು ಕೇಳಿದರಂತೆ.

ಮತ್ತೆ ಎಸ್.ಪಿ. ರಸ್ತೆ. ಈ ಸಲ ಚೀಟಿಯಿತ್ತು, ಉದ್ದದ ಅಳತೆಯ ದಾರವೂ ಜೇಬಿನಲ್ಲಿತ್ತು. ಒಂದು ಅಂಗಡಿಯಾತ ಬಹಳ ಅಗ್ಗಕ್ಕೆ ಕೊಟ್ಟ. ಡಿ.ಡಿ.ಆರ್.-3 ಹೌದು, ಉದ್ದ ಸರಿ, ಕಾಲು 240, ಕಚ್ಚೂ ಸರಿ. ಮನೆಗೆ ತಂದು ಹಾಕಿದರೆ ಪರದೆ ಕಪ್ಪು. ಪೆಟ್ಟಿಗೆಯೊಳಗಿಂದ ಕುಂಯ್ ಕುಂಯ್ ಎಂದು ಕೂಗು. ಎದುರುಮನೆಯ ಹುಡುಗ ಚಿಪ್ಪುಗಳನ್ನು ಎಣಿಸಿದ. ನಮ್ಮದರಲ್ಲಿ ಬದಿಗೆ ಎಂಟು, ಇದರಲ್ಲಿ ಒಂಬತ್ತು. ಒಂಬತ್ತನೆಯದು ತಪ್ಪು ಹಿಡಿಯುವ ಮೇಸ್ತ್ರಿಯಂತೆ. ಇದು ದೊಡ್ಡ ಕಚೇರಿಗಳ ಸರ್ವರ್ ಯಂತ್ರಕ್ಕೆ ಮಾಡಿದ ಜಾತಿ. ಮನೆಯ ಯಂತ್ರದೊಂದಿಗೆ ಮಾತಾಡುವುದಿಲ್ಲ. ಗೋತ್ರ ಕೂಡಿತ್ತು, ಗಣ ಕೂಡಲಿಲ್ಲ. ಅಂಗಡಿಗೆ ಹೋಗಿ ಹೇಳಿದೆ. “ಡಿ.ಡಿ.ಆರ್.-3 ಕೇಳಿದ್ರಿ, ಡಿ.ಡಿ.ಆರ್.-3 ಕೊಟ್ಟಿದೀವಿ” ಎಂದ. ರಸೀತಿಯ ಕೆಳಗೆ ಮಾರಿದ ಮಾಲನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ಅಚ್ಚಾಗಿತ್ತು. ಅದನ್ನು ಓದದೆ ಜೇಬಿಗಿಟ್ಟದ್ದು ನಾನೇ.

ಅಂದು ರಾತ್ರಿ ಮಗನಿಗೆ ಫೋನು ಮಾಡಿದೆ. “ಅಪ್ಪಾ, ಹನ್ನೆರಡು ವರ್ಷದ ಡಬ್ಬ ಅದು. ಎಸೆದು ಹೊಸದು ತಗೊಳ್ಳಿ” ಎಂದ. ಹೊಸದರ ಬೆಲೆ ವಿಚಾರಿಸಿದೆ. ಕಾಲವೂ ಚೆನ್ನಾಗಿರಲಿಲ್ಲ. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಯಂತ್ರಾಲಯಗಳಿಗೆ ಮೆಮೊರಿ ಎಷ್ಟಿದ್ದರೂ ಸಾಲದು. ಜಗತ್ತಿನ ಮೆಮೊರಿಯ ಬಹುಪಾಲನ್ನು ತಯಾರಿಸುವವರು ಸ್ಯಾಮ್‌ಸಂಗ್, ಎಸ್.ಕೆ. ಹೈನಿಕ್ಸ್, ಮೈಕ್ರಾನ್ ಎಂಬ ಮೂವರು. ಅವರ ಗಮನ ಆ ದೊಡ್ಡ ಗಿರಾಕಿಗಳ ಕಡೆ ತಿರುಗಿ, 2025ರ ಕೊನೆಯ ತಿಂಗಳುಗಳಿಂದ ಮನೆಬಳಕೆಯ ಮೆಮೊರಿಯ ಬೆಲೆ ಏರಿಬಿಟ್ಟಿತು. ಮದುವೆಮನೆಯವರು ಸಂತೆಯ ಬದನೆಕಾಯನ್ನೆಲ್ಲ ಎತ್ತಿಕೊಂಡು ಹೋದರೆ ಕಾಲು ಕೆ.ಜಿ.ಯ ಗಿರಾಕಿಗೆ ಆಗುವ ಗತಿ ನಮ್ಮದು. ಪಿಂಚಣಿದಾರನಿಗೆ ಆ ಮಾತು ಅಲ್ಲಿಗೇ ನಿಂತಿತು. ನಿಜ ಹೇಳಬೇಕೆಂದರೆ, ಹಳೆಯದನ್ನು ಎಸೆಯಿರಿ ಎಂಬ ಮಾತು ನನಗೆ ಈಚೆಗೆ ಅಷ್ಟು ರುಚಿಸುವುದೂ ಇಲ್ಲ.

ನಾಲ್ಕನೆಯ ಸಲ ಹೋದಾಗ ಪೇಚಾಟ ಕೇಳಿದ ಚಹದಂಗಡಿಯವನೇ ದಾರಿ ತೋರಿಸಿದ. ಒಂದು ಕಟ್ಟಡದ ಮಹಡಿ, ಇಕ್ಕಟ್ಟಾದ ಮೆಟ್ಟಿಲು, ಮೇಲೊಬ್ಬ ಮಧ್ಯವಯಸ್ಸಿನ ರಿಪೇರಿಯಾತ. ನನ್ನ ಚೀಟಿಯನ್ನು ಅವನು ಓದಲೇ ಇಲ್ಲ. “ಕಾಗದದ ಮೇಲೆ ಎಲ್ಲಾ ಕೂಡತ್ತೆ ಸಾರ್. ಯಂತ್ರವನ್ನೇ ತನ್ನಿ, ಇಲ್ಲೇ ಹಾಕಿ ನೋಡೋಣ” ಎಂದ.

ಮರುದಿನ ಪೆಟ್ಟಿಗೆಯನ್ನು ಹಳೆಯ ಜಮಖಾನದಲ್ಲಿ ಸುತ್ತಿ ಆಟೋದಲ್ಲಿಟ್ಟುಕೊಂಡು ಹೋದೆ. ಅವನು ಮೊದಲು ಬ್ರಷ್ಷಿನಿಂದ ಧೂಳು ಹೊಡೆದ. ಆಮೇಲೆ ಶಾಲೆಯ ಮಕ್ಕಳು ಪೆನ್ಸಿಲು ಅಳಿಸುವ ರಬ್ಬರು ತೆಗೆದು, ಹಳೆಯ ಮೆಮೊರಿಯ ಹೊಂಬಣ್ಣದ ಕಾಲುಗಳನ್ನು ಬೆಳ್ಳಿಯ ಬಟ್ಟಲು ತಿಕ್ಕುವಂತೆ ತಿಕ್ಕಿದ. ಡಬ್ಬದಿಂದ ಒಂದೊಂದಾಗಿ ತೆಗೆದು ಪಕ್ಕದ ಸೀಳಿನಲ್ಲಿ ಹಾಕಿ ನೋಡಿದ. ಮೊದಲನೆಯದಕ್ಕೆ ಯಂತ್ರ ಕುಂಯ್ ಎಂದಿತು. ಎರಡನೆಯದಕ್ಕೆ ಏನೂ ಅನ್ನಲಿಲ್ಲ. ಮೂರನೆಯದಕ್ಕೆ ಪರದೆ ಬೆಳಗಿತು, ಎಂಟು ಜಿ.ಬಿ. ಎಂದು ತೋರಿಸಿತು. ಯಾವುದೋ ಕಚೇರಿಯವರು ಮಾರಿದ ಹಳೆಯ ಯಂತ್ರದ ಮೆಮೊರಿ ಅದು. ಬೆಲೆ ನಾನೂರು ರೂಪಾಯಿ. ಆಟೋದವನಿಗೆ ಹೋಗಿ ಬರುವುದಕ್ಕೆ ನಾನೂರ ನಲವತ್ತು ಕೊಟ್ಟೆ.

ಕೆಲಸ ನಡೆಯುವಾಗ ಅವನು ಇನ್ನೊಂದು ಮಾತು ಹೇಳಿದ. ಮೆಮೊರಿ ಎನ್ನುತ್ತೇವೆ, ಆದರೆ ಅದು ಸ್ವಭಾವತಃ ಮರೆಗುಳಿಯಂತೆ. ಒಳಗೆ ಕೋಟಿಗಟ್ಟಲೆ ಸಣ್ಣ ಕೋಶಗಳು. ಒಂದೊಂದರಲ್ಲೂ ಚಿಟಿಕೆ ವಿದ್ಯುತ್ತು. ಅದು ತೂತಿನ ಕೊಡದ ನೀರಿನಂತೆ ಸೋರುತ್ತಲೇ ಇರುತ್ತದೆ. ಆದ್ದರಿಂದ ಸೆಕೆಂಡಿನ ಸಾವಿರದಲ್ಲಿ ಅರುವತ್ತನಾಲ್ಕು ಪಾಲು ಕಾಲ ಕಳೆಯುವಷ್ಟರೊಳಗೆ, ಪ್ರತಿಯೊಂದು ಕೋಶವನ್ನೂ ಓದಿ ಮತ್ತೆ ತುಂಬಬೇಕು. ತುಂಬುವುದು ನಿಂತರೆ ನೆನಪೂ ಹೋಯಿತು. ಮನೆಗೆ ಬಂದು ಓದಿದೆ, ಮಾತು ನಿಜ. ಈ ಬಗೆಯ ಕೋಶಕ್ಕೆ ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನಾರ್ಡ್ ಎಂಬಾತ 1968ರಲ್ಲೇ ಪೇಟೆಂಟು ಪಡೆದಿದ್ದ.

ಆ ಸಾಯಂಕಾಲ ನಾಲ್ಕಕ್ಕೆ ಫೋನು ಹೋಯಿತು. ಹಸೆಯ ಹಾಡಿನ ಅದೇ ಪುಟ. ಬಳೆ ಸುತ್ತಲಿಲ್ಲ, ಪುಟ ಥಟ್ಟನೆ ಬಂತು. ಅದರ ಮೂರನೆಯ ನುಡಿಯಲ್ಲಿ ಒಂದು ಪದದ ನಡುವಿನ ಅಕ್ಷರದ ಮೇಲೆ ಎಣ್ಣೆಯ ಕಲೆ. ಮೊದಲು ‘ತೊ’, ಕೊನೆಗೆ ‘ಲು’. ನಾವಿಬ್ಬರೂ ಬುದ್ಧಿ ಓಡಿಸಿ ‘ತೊಟ್ಟಿಲು’ ಎಂದು ತೀರ್ಮಾನಿಸಿ ಇಟ್ಟಿದ್ದೆವು. ಚಿಕ್ಕಮ್ಮ ಮೊದಲಿನಿಂದ ಎತ್ತಿಕೊಂಡರು. ನಡುಗುವ ದನಿ, ಆದರೆ ಎಲ್ಲೂ ತಡವರಿಸಲಿಲ್ಲ. ಆ ಜಾಗಕ್ಕೆ ಬಂದಾಗ ಅವರ ನಾಲಗೆ ‘ತೊಂಡಿಲು’ ಎಂದಿತು.

“ತೊಟ್ಟಿಲಲ್ವೇ ಚಿಕ್ಕಮ್ಮ?”

“ಅಯ್ಯೋ ನಿನ್ನ! ಹಸೆಮಣೆ ಮೇಲೆ ಕೂತಿರೋ ಹೆಣ್ಣಿಗೆ ಆಗಲೇ ತೊಟ್ಟಿಲೇ? ತೊಂಡಿಲು ಕಣೇ. ಬಾಸಿಂಗದ ಜೊತೆ ಇಳಿಬಿಟ್ಟು ಕಟ್ತಿದ್ರು, ಹೂವಿನ ಗೊಂಚಲು. ನಿಮ್ಮಮ್ಮನಿಗೆ ನಾನೇ ಹೂ ಪೋಣಿಸಿಕೊಟ್ಟಿದ್ದೆ.”

ಆ ನಗುವಿನಲ್ಲಿ ಕೆಮ್ಮು ಬಂದರೂ ಅವರು ಫೋನಿಡಲಿಲ್ಲ. ನಾನು ಪಕ್ಕದ ಕೋಣೆಯಲ್ಲಿ ಕುಳಿತು ಕೇಳುತ್ತಿದ್ದೆ. ಮದುವೆಯಿಂದ ಮದುವೆಗೆ ಯಾರೋ ಹಾಡುತ್ತಿದ್ದರು, ಪದ ಉಳಿದಿತ್ತು. ಹಾಡುವುದು ನಿಂತು ಎಷ್ಟು ವರ್ಷವಾಯಿತೋ. ಇನ್ನೊಂದಿಷ್ಟು ದಿನ ನಾನು ಅಂಗಡಿ ಸುತ್ತಿದ್ದರೆ, ನಮ್ಮ ಹಾಡಿನ ಪುಸ್ತಕದಲ್ಲಿ ವಧುವಿನ ತಲೆಗೆ ಶಾಶ್ವತವಾಗಿ ತೊಟ್ಟಿಲೇ ಕಟ್ಟಿರುತ್ತಿತ್ತು.

ಕೊನೆಗೆ ಚಿಕ್ಕಮ್ಮ ಕೇಳಿದರು: “ಇವತ್ತು ತಡೀರಿ ತಡೀರಿ ಅನ್ನಲೇ ಇಲ್ಲವಲ್ಲೇ?”

“ಇವರು ಮೆಮೊರಿ ತಂದು ಹಾಕ್ಸಿದ್ರು, ಚಿಕ್ಕಮ್ಮ.”

“ಎಲ್ಲಿ ಸಿಗತ್ತಂತೆ? ನನಗೂ ಒಂದು ಹೇಳು” ಎಂದರು.

ಒಂಬತ್ತು ಚಿಪ್ಪಿನ ಆ ಸರ್ವರ್ ಮೆಮೊರಿಯನ್ನು ಎಸೆಯಲು ನನ್ನಾಕೆ ಬಿಡಲಿಲ್ಲ. ಅದೀಗ ಅತ್ತೆಯವರ ನೋಟುಬುಕ್ಕಿನ ಮೇಲಿದೆ. ಫ್ಯಾನು ತಿರುಗುವಾಗ ಪುಟ ಹಾರದಂತೆ ಹಿಡಿದುಕೊಳ್ಳುತ್ತದೆ.